ಹತ್ತು ಡಿಗ್ರಿ ಕಳೆದು

ಕುದಿ ಮೇಸ್ತ್ರಿ ಕೂತು ಊಟ ಮಾಡಿದ್ದನ್ನು ಕಂಡವರು ಕಡಿಮೆ. ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಬೀದಿಬಾಗಿಲಿಗೆ, ಅಲ್ಲಿಂದ ಮತ್ತೆ ಒಳಗೆ ಓಡಾಡುವಷ್ಟರಲ್ಲಿ ಅವನ ಊಟ ಮುಗಿದಿರುತ್ತಿತ್ತು. ಚೆಲ್ಲಿದ ತುತ್ತಿನ ಜಾಡು ಹಿಡಿದು ಹೋದರೆ ಮನುಷ್ಯ ಎಲ್ಲೆಲ್ಲಿ ಸುತ್ತಿದ್ದಾನೆಂದು ಹೇಳಬಹುದು ಎಂದು ಹೆಂಡತಿ ಬೈಯುತ್ತಿದ್ದಳು. ಬೈಗುಳ ಅವನ ಕಿವಿಗೆ ಬೀಳುವ ಹೊತ್ತಿಗೆ ಅವನು ಇನ್ನೊಂದು ಕೋಣೆಯಲ್ಲಿರುತ್ತಿದ್ದ.

ಕುದಿ ಅನ್ನುವುದು ಅವನ ಹೆಸರಲ್ಲ, ಗಿರಾಕಿಗಳು ಅಂಟಿಸಿದ್ದು. ಯಾವ ಗಾಡಿ ಬಂದರೂ, ಬ್ರೇಕ್ ಹೋಗಿರಲಿ, ದೀಪ ಉರಿಯದಿರಲಿ, ಅವನ ಮೊದಲ ಪ್ರಶ್ನೆ ಒಂದೇ: "ನೀರು ಕುದೀತಾ?" ಒಮ್ಮೆ ಸೈಕಲ್ಲಿಗೆ ಗಾಳಿ ಹೊಡೆಸಲು ಬಂದವನನ್ನೂ ಹಾಗೇ ಕೇಳಿಬಿಟ್ಟ. ಅವನು ಮುಖ ನೋಡಿ, "ಮನೇಲಿ ಕೇಳ್ಕೊಂಡು ಬರ್ತೀನಿ ಮೇಸ್ತ್ರಿ" ಅಂದನಂತೆ. ಅಂದಿನಿಂದ ಆ ಹೆಸರು ಬೀದಿಗೆಲ್ಲ ಹಬ್ಬಿತು.

ನಗುವವರು ನಗಲಿ, ಮೇಸ್ತ್ರಿಯ ಭಯಕ್ಕೆ ಕಾರಣವಿತ್ತು. ಪ್ರಾಯದಲ್ಲಿ ಅವನು ರೇಸಿನ ಬೈಕ್ ಓಡಿಸಿದವನು. ಒಂದು ಸಲ ಮುಂದಿದ್ದ ಬೈಕಿನ ಚಕ್ರದಿಂದ ಒಂದು ಹರಳು ಚಿಮ್ಮಿ ಇವನ ಎಂಜಿನ್ನಿನ ನೀರು ತಣಿಸುವ ರೇಡಿಯೇಟರಿಗೆ ಬಡಿಯಿತು. ತೂತು ಮೆಣಸಿನ ಕಾಳಿನಷ್ಟು. ನೀರೆಲ್ಲ ಸೋರಿಹೋದದ್ದು ಇವನಿಗೆ ತಿಳಿಯಲೇ ಇಲ್ಲ. ನೇರ ರಸ್ತೆಯಲ್ಲಿ ಪೂರ್ತಿ ವೇಗದಲ್ಲಿದ್ದಾಗ ಕಾದ ಎಂಜಿನ್ ಒಳಗೊಳಗೇ ಹಿಡಿದುಕೊಂಡಿತು, ಹಿಂದಿನ ಚಕ್ರ ಕಲ್ಲಿನ ಹಾಗೆ ನಿಂತಿತು. ಬೈಕ್ ನಿಂತಿತು, ಇವನು ನಿಲ್ಲಲಿಲ್ಲ. ಎಡ ಮಣಿಕಟ್ಟು ಆವತ್ತಿನಿಂದ ಬಗ್ಗುವುದಿಲ್ಲ. ತಪ್ಪು ಯಾರದೂ ಅಲ್ಲ, ಇವನದಂತೂ ಅಲ್ಲವೇ ಅಲ್ಲ. ಆದರೆ ಹಾವು ಕಡಿದವನಿಗೆ ಹಗ್ಗವೂ ಹಾವೇ. ರೇಸ್ ಬಿಟ್ಟು ರಿಪೇರಿ ಹಿಡಿದ, ಮನೆಯ ಮುಂಭಾಗದಲ್ಲೇ ಗ್ಯಾರೇಜ್ ಹಾಕಿದ. ಅವತ್ತಿನಿಂದ ಒಂದು ಕಡೆ ನಿಂತರೆ ಏನೋ ಆಗಿಬಿಡುತ್ತದೆ ಅನ್ನುವಂತೆ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಲೇ ಇದ್ದ.

ಅವನನ್ನು ಕಟ್ಟಿಕೊಂಡವಳು ಗಾಡಿಗಳ ಸೀಟು ಹೊಲಿಯುವವಳು. ಗ್ಯಾರೇಜಿನ ಪಕ್ಕದ ಕೋಣೆಯಲ್ಲೇ ಅವಳ ಹೊಲಿಗೆ ಯಂತ್ರ, ರೆಕ್ಸಿನ್ ಸುರುಳಿಗಳು, ಸ್ಪಂಜಿನ ಗುಡ್ಡೆ. ಮದುವೆಯಾಗಿ ಬಂದಾಗ ತಮ್ಮನನ್ನೂ ಕರೆದುಕೊಂಡೇ ಬಂದಳು, ಅವರಿಬ್ಬರಿಗೆ ಬೇರೆ ದಿಕ್ಕಿರಲಿಲ್ಲ. ಭಾಮೈದ ಬೆಳೆದ, ಮೀಸೆ ಬಂತು, ಮೀಸೆಯ ಜೊತೆಗೇ ರೇಸಿನ ಹುಚ್ಚೂ ಬಂತು. ಮೇಸ್ತ್ರಿ ಬೇಡವೆಂದ, ಕೂಗಾಡಿದ, ಗಾಡಿಯ ಕೀಲಿ ಬಚ್ಚಿಟ್ಟ. ಭಾಮೈದ ಎಲ್ಲವನ್ನೂ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ. ಕೊನೆಗೆ ಮೇಸ್ತ್ರಿಯೇ ಸೋತ.

"ಓಡಿಸೋದೇ ಆದ್ರೆ ನಾನು ಕಟ್ಟಿದ ಎಂಜಿನ್ನೇ ಓಡಿಸ್ಬೇಕು. ಬೇರೆಯವರ ಗಾಡಿ ಮುಟ್ಟಿದ್ರೆ ಕಾಲು ಮುರಿತೀನಿ" ಅಂದ.

"ಕಾಲು ಮುರಿಯೋದು ತಪ್ಪಲಿ ಅಂತ ತಾನೇ ಭಾವ ಇಷ್ಟೆಲ್ಲ?" ಅಂತ ಭಾಮೈದ ನಕ್ಕ.

ಆಮೇಲೆ ಶುರುವಾಯಿತು ನೋಡಿ ನೀರಿನ ಸೇವೆ. ಆ ಬೈಕಿಗೆ ಬೇಕಾದದ್ದಕ್ಕಿಂತ ದೊಡ್ಡ ರೇಡಿಯೇಟರ್ ಹಾಕಿದ. ಅದರ ಮುಂದೆ ಕಲ್ಲು ತಡೆಯಲು ತಂತಿಬಲೆ. ರೇಡಿಯೇಟರಿನ ಹಾಳೆಯಂಥ ತೆಳು ಎಸಳುಗಳು ಒಂದಕ್ಕೊಂದು ಅಂಟಿಕೊಂಡರೆ ಗಾಳಿ ನುಗ್ಗುವುದಿಲ್ಲ, ಅವನ್ನು ಹೆಂಡತಿಯ ದಪ್ಪ ಸೂಜಿ ಕದ್ದು ಒಂದೊಂದಾಗಿ ಬಿಡಿಸುತ್ತಿದ್ದ. ರೇಸಿನಲ್ಲಿ ಎಂಜಿನ್ನಿಗೆ ಬರೀ ನೀರು ಹಾಕಬೇಕು, ತಂಪಿನ ಔಷಧ ಬೆರೆಸುವಂತಿಲ್ಲ. ಅದು ಚೆಲ್ಲಿದರೆ ರಸ್ತೆ ಜಾರುತ್ತದೆ, ಹಿಂದೆ ಬರುವವರು ಸಾಲಾಗಿ ಬೀಳುತ್ತಾರೆ. ಆ ಬರೀ ನೀರಿನೊಳಗೆ ಒಂದು ಗಾಳಿಗುಳ್ಳೆ ಉಳಿದರೂ ಅಲ್ಲೇ ಕುದಿ ಹುಟ್ಟುತ್ತದೆಂದು ಬೈಕನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ, ರಬ್ಬರ್ ಕೊಳವೆಗಳನ್ನು ಹಿಸುಕಿ ಹಿಸುಕಿ, ಹಸುಗೂಸಿಗೆ ತೇಗು ಬರಿಸಿದ ಹಾಗೆ ಗಾಳಿ ಹೊರಡಿಸುತ್ತಿದ್ದ.

ಇಷ್ಟಾದರೂ ಅವನಿಗೆ ಸಮಾಧಾನವಿಲ್ಲ. ಬೈಕಿನ ಮುಂದೆ ನೀರಿನ ಬಿಸಿ ತೋರಿಸುವ ಮೀಟರ್ ಇತ್ತಲ್ಲ, ಒಂದು ಮಧ್ಯಾಹ್ನ ಭಾಮೈದ ಇಲ್ಲದಾಗ ಅದರ ತಂತಿಗೆ ಕರೆಂಟಿನ ಹರಿವು ಬದಲಿಸುವ ಒಂದು ಪುಟ್ಟ ತುಂಡು ಬೆಸೆದುಬಿಟ್ಟ. ಅಲ್ಲಿಂದ ಮೀಟರ್ ಇದ್ದದ್ದಕ್ಕಿಂತ ಹತ್ತು ಡಿಗ್ರಿ ಹೆಚ್ಚು ತೋರಿಸತೊಡಗಿತು. ಹುಡುಗ ಬೇಗ ಹೆದರಲಿ, ಬೇಗ ನಿಧಾನಿಸಲಿ ಅನ್ನುವುದು ಲೆಕ್ಕ. ಯಾರಿಗೂ ಹೇಳಲಿಲ್ಲ. ಜೀವನದಲ್ಲಿ ಇಟ್ಟುಕೊಂಡ ಒಂದೇ ಒಂದು ಗುಟ್ಟು ಅದು, ಚೆನ್ನಾಗಿಯೇ ಇಟ್ಟುಕೊಂಡಿದ್ದೇನೆ ಅಂದುಕೊಂಡಿದ್ದ.

ಅದು ಸಾಲದೆಂದು ಒಂದು ತಗಡಿನ ತಟ್ಟೆಗೆ ಕೆಂಪು ಬಣ್ಣ ಬಳಿದು ಹಿಡಿಕೆ ಹಾಕಿಸಿದ. ರೇಸಿನ ವೇಳೆ ಓಡಿಸುವವನಿಗೆ ರಸ್ತೆ ಬದಿಯ ಗೋಡೆಯ ಅಂಚಿನಿಂದ ಹಲಗೆ ತೋರಿಸುತ್ತಾರೆ, ಎಷ್ಟನೆಯವನು, ಇನ್ನೆಷ್ಟು ಸುತ್ತು ಅಂತ. ಇವನ ಹಲಗೆ ಈ ಕೆಂಪು ತಟ್ಟೆ. ಅದರ ಅರ್ಥ: ಎಂಜಿನ್ ಕಾಯ್ತಿದೆ, ನಿಧಾನಿಸು. ಪ್ರತಿ ರೇಸಿನಲ್ಲೂ, ಎರಡನೇ ಸುತ್ತಿಗೇ, ಮೋಡ ಕವಿದ ದಿನವೂ ಮೇಸ್ತ್ರಿ ಗೋಡೆಯ ಮೇಲೆ ಹಾರಿ ಹಾರಿ ತಟ್ಟೆ ಅಲ್ಲಾಡಿಸುತ್ತಿದ್ದ. ಪಕ್ಕದ ತಂಡದವರು, "ಸೂರ್ಯ ಹುಟ್ಟಿದ ನೋಡ್ರೋ" ಅನ್ನುತ್ತಿದ್ದರು. ಭಾಮೈದ ಮೊದಮೊದಲು ಹೆದರಿ ನಿಧಾನಿಸಿದ, ಆಮೇಲೆ ತಲೆಯಾಡಿಸಿದ, ಆಮೇಲೆ ಆ ಕಡೆ ನೋಡುವುದನ್ನೇ ಬಿಟ್ಟ.

ಮನೆಯ ಗೋಡೆ ಗಡಿಯಾರದ್ದೂ ಇದೇ ಕತೆ. ಯಾರೂ ಎಲ್ಲಿಗೂ ತಡವಾಗಬಾರದೆಂದು ಮೇಸ್ತ್ರಿ ಅದನ್ನು ಹತ್ತು ನಿಮಿಷ ಮುಂದೆ ಇಟ್ಟಿದ್ದ. ಮನೆಯವರೆಲ್ಲ ಹತ್ತು ಕಳೆದೇ ಗಂಟೆ ನೋಡುತ್ತಿದ್ದರು, ಅದು ಉಸಿರಾಡಿದಷ್ಟು ಸಹಜವಾಗಿತ್ತು. ಒಂದು ದಿನ ಸೀಟಿನ ಅಳತೆ ಕೊಡಲು ಬಂದ ಹೆಂಗಸು ಆ ಗಡಿಯಾರ ನೋಡಿ, ಬಸ್ಸು ತಪ್ಪೀತೆಂದು ಅರ್ಧ ಕುಡಿದ ಚಹಾ ಬಿಟ್ಟು ಓಡಿದಳು. ಬಿಸಿಲಲ್ಲಿ ನಿಂತು ಬೆಂದು, ವಿಷಯ ಗೊತ್ತಾದ ಮೇಲೆ ವಾಪಸ್ ಬಂದು ಜನ್ಮ ಜಾಲಾಡಿದಳು. ಅವಳು ಹೋದ ಮೇಲೆ ಹೆಂಡತಿ ಯಂತ್ರ ನಿಲ್ಲಿಸಿದಳು.

"ರೀ, ನಿಮ್ಮ ಭಯಾನ ನಿಮ್ಮ ಹತ್ರ ಇಟ್ಕೊಳ್ಳಿ. ಗೋಡೆಗೆ ಯಾಕೆ ತಗುಲಿ ಹಾಕ್ತೀರಿ?"

ಅವಳು ಕೂಗಿ ಹೇಳಿದ್ದರೆ ಅವನು ತಪ್ಪಿಸಿಕೊಂಡು ಓಡುತ್ತಿದ್ದ. ಮೆಲ್ಲಗೆ ಹೇಳಿದ್ದರಿಂದ ಮಾತು ನಾಟಿತು. ಸಂಜೆ ಸದ್ದಿಲ್ಲದೆ ಸ್ಟೂಲು ಹತ್ತಿ ಗಡಿಯಾರದ ಮುಳ್ಳು ಸರಿ ಮಾಡಿದ. ಮಾರನೆಯ ದಿನ ಮನೆಯವರೆಲ್ಲ ವಾಡಿಕೆಯಂತೆ ಹತ್ತು ಕಳೆದರು. ಹೆಂಡತಿ ಸೀಟುಗಳನ್ನು ಒಪ್ಪಿಸಲು ಹೋಗುವ ಹೊತ್ತಿಗೆ ಅಂಗಡಿಯವನು ಬಾಗಿಲೆಳೆದಿದ್ದ, ಭಾಮೈದನಿಗೆ ಬಸ್ಸು ತಪ್ಪಿತು.

"ಸರಿ ಮಾಡಿದ್ರಿ, ಸಂತೋಷ. ಮಾಡಿದ್ದನ್ನ ಬಾಯಿಬಿಟ್ಟು ಹೇಳೋಕೇನಾಗಿತ್ತು?" ಅಂದಳು ಹೆಂಡತಿ. "ಹೇಳದೆ ಸರಿ ಮಾಡಿದ್ರೆ ಅದೂ ತಪ್ಪು ಮಾಡಿದ ಹಾಗೇನೇ."

ಮೇಸ್ತ್ರಿ ಹೂಂಗುಟ್ಟಿದ. ತಲೆಯಲ್ಲಿ ಮೀಟರಿನ ತುಂಡು ಕೊರೆಯುತ್ತಿತ್ತು. ಗಡಿಯಾರ ಸುಳ್ಳು ಹೇಳಬಾರದೆಂದರೆ ಮೀಟರ್ ಹೇಳಬಹುದೇ? ಆದರೆ ಗಡಿಯಾರದ ವಿಷಯ ಎಲ್ಲರಿಗೂ ಗೊತ್ತಿತ್ತು, ಮೀಟರಿನದು ಯಾರಿಗೂ ಗೊತ್ತಿಲ್ಲ. ಗೊತ್ತೇ ಇಲ್ಲದ ಮೇಲೆ ಹೇಳುವುದೇನು, ಕಿತ್ತು ಹಾಕಿದರಾಯಿತು. ಆ ಋತುವಿನ ಕೊನೆಯ ರೇಸಿನ ಬೆಳಿಗ್ಗೆ, ಭಾಮೈದ ತೊಗಲಿನ ಉಡುಪು ಹಾಕಿಕೊಳ್ಳುತ್ತಿದ್ದಾಗ, ತುಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಬಹಳ ದಿನದ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದ ಹಾಗೆ ಎದೆ ಹಗುರಾಯಿತು.

ಆ ಬೆಳಿಗ್ಗೆ ಚಳಿಯಿತ್ತು, ಮೋಡ ಕೆಳಗಿಳಿದಿತ್ತು. ದೊಡ್ಡ ರೇಡಿಯೇಟರಿನಿಂದ ಎಂಜಿನ್ ಬಿಸಿಯೇರದೆ ಕೆಮ್ಮುತ್ತಿತ್ತು.

"ಭಾವ, ಎಂಜಿನ್‌ಗೂ ಒಂದಿಷ್ಟು ಕಾವು ಬೇಕು. ಅರ್ಧ ರೇಡಿಯೇಟರ್‌ಗೆ ಟೇಪ್ ಹಾಕೋಣ. ಎಲ್ಲರೂ ಹಾಕಿದ್ದಾರೆ" ಅಂದ ಭಾಮೈದ. ಬೈಗುಳಕ್ಕೆ ಸಿದ್ಧನಾಗಿಯೇ ಕೇಳಿದ್ದ.

ಮೇಸ್ತ್ರಿ ಎರಡು ಸಲ ಬೈಕ್ ಸುತ್ತಿ ಬಂದ. ಮುಗಿಲು ನೋಡಿದ, ರೇಸಿಗೆ ಜೊತೆಯಲ್ಲಿ ಬಂದಿದ್ದ ಹೆಂಡತಿಯನ್ನು ನೋಡಿದ. "ಹಾಕು" ಅಂದ.

ಅಕ್ಕ ತಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡರು. ಮೇಸ್ತ್ರಿಯೇ ಅಗಲ ಟೇಪನ್ನು ಅಡ್ಡಕ್ಕೆ ಎಳೆದು ರೇಡಿಯೇಟರಿನ ಕೆಳಗಿನ ಅರ್ಧ ಮುಚ್ಚಿದ. ಟೇಪಿನ ತುದಿಯನ್ನು ಮಡಚಿ, ಬಾಲದ ಹಾಗೆ ಎಡಗಡೆ ಹೊರಗೆ ಬಿಟ್ಟ, ಓಡಿಸುತ್ತಲೇ ಎಡಗೈ ಚಾಚಿ ಹಿಡಿದೆಳೆದರೆ ಇಡೀ ಪಟ್ಟಿ ಕಿತ್ತು ಬರುವಂತೆ.

"ಬಿಸಿಲು ಬಂದ್ರೆ ಮೀಟರ್ ನೋಡ್ತಿರು. ತೊಂಬತ್ತು ದಾಟಿದ ತಕ್ಷಣ ಬಾಲ ಹಿಡಿದು ಎಳಿ. ತೊಂಬತ್ತು. ಕೇಳಿಸ್ತಾ?"

"ಕೇಳಿಸ್ತು ಭಾವ. ತೊಂಬತ್ತು." ಭಾಮೈದ ಹೆಲ್ಮೆಟ್ಟಿನೊಳಗೆ ನಕ್ಕಂತಿತ್ತು.

ರೇಸ್ ಶುರುವಾಯಿತು. ಕಾವು ಹಿಡಿದ ಎಂಜಿನ್ ಎಂದೂ ಹಾಡದ ಹಾಗೆ ಹಾಡಿತು. ಭಾಮೈದ ಒಬ್ಬೊಬ್ಬರನ್ನೇ ಹಿಂದೆ ಹಾಕಿ ಎರಡನೆಯವನಾದ, ಮೊದಲನೆಯವನ ಬೆನ್ನಿಗೆ ಅಂಟಿಕೊಂಡ. ಮೇಸ್ತ್ರಿ ಅಭ್ಯಾಸಬಲದಿಂದ ಕೆಂಪು ತಟ್ಟೆ ಎತ್ತಲು ಹೋಗಿ, ಹೆಂಡತಿಯ ಕಣ್ಣು ಕಂಡು ಕೆಳಗಿಟ್ಟ. ಕೈ ಹಿಂದೆ ಕಟ್ಟಿಕೊಂಡು ಓಡಾಡಿದ, ಕೈ ಬಿಚ್ಚಿ ಓಡಾಡಿದ.

ಅರ್ಧ ರೇಸಿನ ಹೊತ್ತಿಗೆ ಮೋಡ ಸರಿಯಿತು. ನೋಡನೋಡುತ್ತಲೇ ಗೋಡೆಯ ಕಲ್ಲು ಮುಟ್ಟಲಾಗದಷ್ಟು ಕಾಯಿತು. ಅದರ ಮೇಲೆ ಭಾಮೈದ ಇನ್ನೊಬ್ಬನ ಬೆನ್ನ ಹಿಂದೆಯೇ ಇದ್ದ. ಮುಂದಿನ ಬೈಕ್ ತಣ್ಣನೆಯ ಗಾಳಿಯನ್ನೆಲ್ಲ ತಾನು ನುಂಗಿ, ತನ್ನ ಬಿಸಿಯುಸಿರನ್ನು ಹಿಂದಿನವನಿಗೆ ಬಿಡುತ್ತಿತ್ತು. ಬೈಕ್ ಎದುರಿಂದ ಹಾದುಹೋದಾಗ ಮೇಸ್ತ್ರಿ ಕತ್ತು ಚಾಚಿ ನೋಡಿದ. ಟೇಪ್ ಹಾಗೇ ಇತ್ತು. ಎಂಜಿನ್ನಿನ ಸದ್ದಿನಲ್ಲಿ ಒಂದು ಒಣ ಗೊಗ್ಗರು ಸೇರಿತ್ತು, ಗಂಟಲು ಒಣಗಿದವನ ಮಾತಿನಂತೆ.

"ಯಾಕೆ ಇನ್ನೂ ಕಿತ್ತಿಲ್ಲ?" ಅಂದ. ಮತ್ತೆ ತನಗೆ ತಾನೇ ಸಮಾಧಾನ ಹೇಳಿಕೊಂಡ. "ಇರಲಿ, ಮೀಟರ್ ನೋಡ್ತಾನೆ. ಇವತ್ತು ಮೀಟರ್ ಸರಿಯಾಗಿದೆ."

ಹೆಂಡತಿ ತಿರುಗಿದಳು. "ಇವತ್ತು ಸರಿಯಾಗಿದೆ ಅಂದ್ರೆ?"

ಮೇಸ್ತ್ರಿ ತಡವರಿಸಿದ. ಆದದ್ದಾಗಲಿ ಎಂದು ಜೇಬಿನಿಂದ ಆ ತುಂಡು ತೆಗೆದು ತೋರಿಸಿದ. "ಹತ್ತು ಡಿಗ್ರಿ ಜಾಸ್ತಿ ತೋರಿಸೋ ಹಾಗೆ ಮಾಡಿದ್ದೆ. ಬೆಳಿಗ್ಗೆ ಕಿತ್ತು ಹಾಕ್ದೆ. ನೀನೇ ಹೇಳಿದ್ಯಲ್ಲ, ಸುಳ್ಳು ಬೇಡ ಅಂತ."

ಅವಳ ಮುಖದ ರಕ್ತ ಇಳಿಯಿತು. "ಅಯ್ಯೋ ರೀ! ಅವನಿಗೆ ಅದು ಯಾವತ್ತೋ ಗೊತ್ತು. ಮೀಟರಿನ ತಂತಿಯ ತುದೀನ ಕುದಿಯೋ ನೀರಲ್ಲಿ ಅದ್ದಿ ನೋಡಿದ್ದ, ನೂರ ಹತ್ತು ತೋರಿಸ್ತು. ಇಬ್ಬರೂ ಬಿದ್ದು ಬಿದ್ದು ನಕ್ವಿ. ಭಾವನಿಗೆ ಅದರಿಂದ ನೆಮ್ಮದಿ ಸಿಗೋದಾದ್ರೆ ಸಿಗಲಿ ಅಂತ ಸುಮ್ನಿದ್ವಿ. ಅವನು ಯಾವಾಗ್ಲೂ ಹತ್ತು ಕಳೆದೇ ಓದೋದು!"

ಮೇಸ್ತ್ರಿ ಲೆಕ್ಕ ಹಾಕಿದ. ಮೀಟರ್ ನೂರು ತೋರಿಸಿದರೆ ಹುಡುಗ ತೊಂಬತ್ತೆಂದು ಓದುತ್ತಾನೆ. ತೊಂಬತ್ತು ದಾಟಲಿ ಅಂತ ಇನ್ನೂ ಕಾಯುತ್ತಾನೆ. ನೀರು ಕುದಿದು ಮುಚ್ಚಳ ಎತ್ತಿ ಹೊರಗೆ ಹೋಗುವವರೆಗೆ ಕಾಯುತ್ತಾನೆ. ಆಮೇಲೆ ಎಂಜಿನ್ ಹಿಡಿಯುತ್ತದೆ, ಚಕ್ರ ನಿಲ್ಲುತ್ತದೆ, ಆಮೇಲೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಗೋಡೆಯ ಈಚೆ ಕ್ಷೇಮವಾಗಿದ್ದ, ಉಣ್ಣಬೇಕಾದವನು ಆ ಬೈಕಿನ ಮೇಲಿದ್ದ.

ಅಧಿಕಾರಿಗಳನ್ನು ಕೇಳೋಣವೆಂದರೆ ಕಣ್ಣಿಗೆ ಕಾಣುವಂತೆ ಎಣ್ಣೆಯೋ ನೀರೋ ಸುರಿಯದೆ ಅವರು ಯಾರನ್ನೂ ನಿಲ್ಲಿಸುವುದಿಲ್ಲ. ಉಳಿದದ್ದು ಕೆಂಪು ತಟ್ಟೆಯೊಂದೇ. ಮೇಸ್ತ್ರಿ ಅದನ್ನು ಎತ್ತಿಕೊಂಡು ಗೋಡೆ ಹತ್ತಿದ. ಭಾಮೈದ ಬರುತ್ತಿದ್ದಂತೆ ಹಾರಿದ, ಕೂಗಿದ, ಎರಡೂ ಕೈಯಲ್ಲಿ ತಟ್ಟೆ ಬೀಸಿದ. ಪಕ್ಕದವರು, "ಹುಟ್ಟಿದನಪ್ಪಾ ಸೂರ್ಯ, ಇವತ್ತು ಸ್ವಲ್ಪ ತಡ" ಅಂದರು. ಬೈಕ್ ಸುಂಯ್ಯೆಂದು ಹೋಯಿತು. ಹೆಲ್ಮೆಟ್ ಈ ಕಡೆ ತಿರುಗಲೂ ಇಲ್ಲ. ಬೈಕಿನ ಹೊಟ್ಟೆಯ ಬಳಿ ಎಳೆಯಷ್ಟು ಬಿಳಿ ಆವಿ ಕಂಡಿತು.

ಮುಂದಿನ ಸುತ್ತಿಗೆ ಇನ್ನೂ ಜೋರಾಗಿ ಹಾರಿದ. ತಟ್ಟೆಯ ಹಿಡಿಕೆ ಸಡಿಲವಾಯಿತು. ಈ ಸಲ ಭಾಮೈದ ತಲೆಯಾಡಿಸಿದ, ಆಯ್ತು ಭಾವ, ದಿನಾ ಇದ್ದದ್ದೇ ಅನ್ನುವ ಹಾಗೆ.

"ನಂಬ್ತಿಲ್ಲ ಕಣೇ" ಅಂದ ಮೇಸ್ತ್ರಿ. "ಏನ್ ಮಾಡಿದ್ರೂ ನಂಬ್ತಿಲ್ಲ."

"ಹೇಗೆ ನಂಬ್ತಾನೆ? ಯಾವತ್ತು ನೋಡಿದ್ರೂ ಹೀಗೇ ಕುಣೀತೀರಲ್ಲ." ಅವಳು ಅಳುತ್ತಿದ್ದಳು. "ಇವತ್ತು ನಿಜ ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು?"

ಮೇಸ್ತ್ರಿಗೆ ಆ ಮಾತು ತಾಗಿತು. ಹೌದು, ತನ್ನ ಹಾರಾಟಕ್ಕೆ ಬೆಲೆಯಿಲ್ಲ, ಅದನ್ನು ತಾನೇ ಖರ್ಚು ಮಾಡಿ ಮುಗಿಸಿದ್ದಾನೆ. ಕೂಗಿಗೂ ಬೆಲೆಯಿಲ್ಲ. ಈ ಹುಡುಗ ಎಂದೂ ಕಾಣದ ಏನಾದರೂ ತನ್ನಲ್ಲಿ ಉಳಿದಿದೆಯೇ? ಒಂದೇ ಒಂದು ಉಳಿದಿತ್ತು.

ಗೋಡೆಯ ಮೇಲೆ ನೆಟ್ಟಗೆ ನಿಂತ. ಪಾದ ಜೋಡಿಸಿದ. ತಟ್ಟೆಯನ್ನು ಎದೆಗೆ ಒತ್ತಿ ಎರಡು ಕೈಯಲ್ಲೂ ಹಿಡಿದ. ಅಲ್ಲಾಡಲಿಲ್ಲ. ಅವನ ಮೈಯ ಒಂದೊಂದು ನರವೂ ಓಡು ಓಡು ಅನ್ನುತ್ತಿತ್ತು, ಮೊಣಕಾಲು ತಾನಾಗಿ ಜಿಗಿಯಲು ನೋಡುತ್ತಿತ್ತು, ಬಗ್ಗದ ಮಣಿಕಟ್ಟು ಸೆಳೆಯುತ್ತಿತ್ತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ದೂರದ ತಿರುವಿನಲ್ಲಿ ಸದ್ದು ಕೇಳಿತು, ಹತ್ತಿರವಾಯಿತು. ಹತ್ತು ವರ್ಷ ಓಡಾಡಿದರೂ ಆಗದಷ್ಟು ದಣಿವು ಆ ಒಂದು ಸುತ್ತಿನ ಹೊತ್ತು ನಿಂತದ್ದರಿಂದ ಆಯಿತು. ಪಕ್ಕದ ತಂಡದವರು ಜೋಕು ಮರೆತು ಅವನನ್ನೇ ನೋಡಿದರು.

ಬೈಕ್ ಬಂತು. ಹೆಲ್ಮೆಟ್ ಈ ಕಡೆ ತಿರುಗಿತು. ತಿರುಗಿದ್ದು ಕ್ಷಣಹೊತ್ತು ಹಾಗೇ ನಿಂತಿತು. ಬೈಕ್ ದಾಟಿ ಹೋಯಿತು.

ಮೇಸ್ತ್ರಿ ಕತ್ತು ಹೊರಳಿಸಿ ನೋಡಿದ. ನೇರ ರಸ್ತೆಯ ಕೊನೆಯಲ್ಲಿ ಭಾಮೈದ ಮುಂದಿನವನ ಬೆನ್ನಿನಿಂದ ಪಕ್ಕಕ್ಕೆ ಸರಿದ, ವೇಗ ಇಳಿಸಿದ. ಎಡಗೈ ಕೆಳಗೆ ಹೋಯಿತು, ತಡಕಿತು, ಎಳೆಯಿತು. ಉದ್ದನೆಯ ಟೇಪ್ ಗಾಳಿಯಲ್ಲಿ ಸುರುಳಿಯಾಗಿ ಹಾರಿ ಹುಲ್ಲಿಗೆ ಬಿತ್ತು. ಅಷ್ಟರಲ್ಲಿ ಇಬ್ಬರು ಅವನನ್ನು ದಾಟಿದ್ದರು. ಹೆಂಡತಿ ಮೇಸ್ತ್ರಿಯ ಅಂಗಿಯ ತುದಿ ಹಿಡಿದುಕೊಂಡಳು.

ಭಾಮೈದ ನಾಲ್ಕನೆಯವನಾಗಿ ಬಂದ. ಬೈಕ್ ತಣಿಯುವವರೆಗೆ ಮೇಸ್ತ್ರಿ ಮುಚ್ಚಳ ಮುಟ್ಟಲು ಯಾರನ್ನೂ ಬಿಡಲಿಲ್ಲ. ಆಮೇಲೆ ಬಟ್ಟೆ ಸುತ್ತಿ ತೆಗೆದು ಒಳಗೆ ಇಣುಕಿದ. ನೀರು ಅರ್ಧಕ್ಕಿಂತ ಕೆಳಗಿತ್ತು. ಇನ್ನೆರಡು ಸುತ್ತು ಹೋಗಿದ್ದರೆ ಏನಾಗುತ್ತಿತ್ತೆಂದು ಮೂವರಿಗೂ ಗೊತ್ತಿತ್ತು. ಮೇಸ್ತ್ರಿ ಜೇಬಿನಿಂದ ಆ ತುಂಡು ತೆಗೆದು ಭಾಮೈದನ ಅಂಗೈಗೆ ಹಾಕಿದ.

"ಇದನ್ನ ಹಾಕಿದ್ದೂ ನಾನೇ, ಬೆಳಿಗ್ಗೆ ಕಿತ್ತಿದ್ದೂ ನಾನೇ. ಹೇಳಲಿಲ್ಲ. ಎರಡು ಸಲಾನೂ ಹೇಳಲಿಲ್ಲ."

ಭಾಮೈದ ಅದನ್ನು ಹೊರಳಿಸಿ ನೋಡಿದ. ಅವನ ಮುಖ ಬಿಳುಪೇರಿತು.

"ಮೀಟರ್ ನೂರ ಮೂರು ತೋರಿಸ್ತಿತ್ತು ಭಾವ. ತೊಂಬತ್ಮೂರು ತಾನೇ, ಮೊದಲನೆಯವನನ್ನ ದಾಟಿ ಆಮೇಲೆ ಕೀಳೋಣ ಅಂತಿದ್ದೆ."

"ಮತ್ತೆ ಯಾಕೋ ಕಿತ್ತೆ?" ಅಂತ ಅಕ್ಕ ಕೇಳಿದಳು.

"ಭಾವ ನಿಂತಿದ್ರು." ಅವನು ಮೇಸ್ತ್ರಿಯನ್ನೇ ನೋಡುತ್ತಿದ್ದ. "ಈ ಮನೆಗೆ ಬಂದಾಗಿನಿಂದ ಭಾವ ಒಂದು ಕಡೆ ನಿಂತಿದ್ದನ್ನ ನಾನು ನೋಡಿಲ್ಲ. ಮನೇಲಿ ಯಾರೋ ಹೋಗ್ಬಿಟ್ಟಿದ್ದಾರೆ ಅಂದ್ಕೊಂಡೆ. ಯಾರು ಅಂತ ಯೋಚನೆ ಮಾಡಿದ್ರೆ, ಇರೋರೇ ಮೂರು ಜನ. ಅಕ್ಕ ನಿಮ್ಮ ಪಕ್ಕದಲ್ಲೇ ಇದ್ಲು, ನೀವೂ ಇದ್ರಿ."

ಉಳಿದವನು ಆ ಬೈಕಿನ ಮೇಲಿದ್ದ.

ಸುತ್ತ ಜನ ಬೈಕುಗಳನ್ನು ಗಾಡಿಗೇರಿಸುತ್ತಿದ್ದರು. ಅಕ್ಕ ಕಣ್ಣೊರೆಸಿಕೊಂಡು, "ಬನ್ನಿ, ನಮ್ಮದನ್ನೂ ಏರಿಸೋಣ" ಅಂದಳು. ಆಗಲೇ ಅವಳು ನೋಡಿದ್ದು, ಕುದಿ ಮೇಸ್ತ್ರಿ ಬೋರಲು ಹಾಕಿದ ನೀರಿನ ಡಬ್ಬಿಯ ಮೇಲೆ ಕೂತುಬಿಟ್ಟಿದ್ದ. ಕೈ ತೊಡೆಯ ಮೇಲಿತ್ತು, ಕಾಲು ಅಲ್ಲಾಡುತ್ತಿರಲಿಲ್ಲ.

"ತಡಿಯೇ" ಅಂದ. "ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೋತೀನಿ."